ಹಗ್ಗಕ್ಕೆ ಅಡಕತ್ತರಿ ಹಿಡಿದಿರಾ? ಅದನ್ನೇ ಬರೀರಿ

ಪ್ರಶ್ನೆ: ರಾತ್ರಿ ಊಟ ಆದಮೇಲೆ ಒಂದು ಗಂಟೆ ಕಂಪ್ಯೂಟರ್ ಮುಂದೆ ಕೂತು ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಆಟ ಆಡುವುದು ನನ್ನ ಅಭ್ಯಾಸ. ಚಿತ್ರದಲ್ಲಿರುವ ವಸ್ತುಗಳ ಮೇಲೆ ಕ್ಲಿಕ್ ಮಾಡುತ್ತಾ, ಸಿಕ್ಕಿದ್ದನ್ನು ಬಳಸಿ ಒಗಟು ಬಿಡಿಸುತ್ತಾ ಕತೆ ಮುಂದುವರಿಸುವ ಆಟಗಳು. ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಆಟಗಳಲ್ಲ. ಹವ್ಯಾಸಕ್ಕೆ ಅಂತ ಒಬ್ಬರೋ ಇಬ್ಬರೋ ಸೇರಿ ಮಾಡಿ ಪುಕ್ಕಟೆ ಹಂಚುವ ಸಣ್ಣ ಆಟಗಳು. ಮಾಡಿದವರು 'ಆಡಿ ನೋಡಿ, ಹೇಗಿದೆ ಹೇಳಿ' ಅನ್ನುತ್ತಾರೆ. 'ತುಂಬಾ ಚೆನ್ನಾಗಿದೆ' ಅಂತ ಬರೆದು ಸುಮ್ಮನಾದರೆ ನನಗೇ ಒಂಥರಾ ಅನಿಸುತ್ತೆ. ಒಮ್ಮೆ ಧೈರ್ಯ ಮಾಡಿ ಹದಿನೇಳು ತಪ್ಪು ಪಟ್ಟಿ ಮಾಡಿ ಕಳಿಸಿದೆ. ಆ ಹುಡುಗ ಉತ್ತರವನ್ನೇ ಕೊಡಲಿಲ್ಲ. ನನಗೆ ಪ್ರೋಗ್ರಾಮಿಂಗ್ ಬರಲ್ಲ, ಚಿತ್ರ ಬರೆಯೋಕೂ ಬರಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಸಿಕ್ಕಿಹಾಕಿಕೊಂಡಾಗ ವಾಕ್‌ಥ್ರೂ, ಅಂದರೆ ಒಗಟುಗಳ ಉತ್ತರವನ್ನೆಲ್ಲ ಹಂತ ಹಂತವಾಗಿ ಬರೆದಿಟ್ಟದ್ದು, ಅದನ್ನೂ ನೋಡುತ್ತೇನೆ. ಇಂಥವನ ಮಾತಿಗೆ ಬೆಲೆ ಇದೆಯಾ? ಇದ್ದರೆ ಏನು ಬರೀಬೇಕು, ಹೇಗೆ ಬರೀಬೇಕು?
ಒಬ್ಬ ಓದುಗ, ಅರಸೀಕೆರೆ

ಉತ್ತರ: ನಾನು ಐದಾರು ಸಣ್ಣ ಆಟ ಮಾಡಿದವನು. ಬೇರೆಯವರ ಆಟ ಬೇಕಾದಷ್ಟು ಆಡಿ ಬರೆದುಕೊಟ್ಟವನು. ನನ್ನನ್ನು ಕೇಳಿದರೆ ಪ್ರೋಗ್ರಾಮಿಂಗ್ ಬರದವರು, ನಡುವೆ ಸಿಕ್ಕಿಹಾಕಿಕೊಳ್ಳುವವರು, ತಾಳ್ಮೆ ಕೆಟ್ಟು ವಾಕ್‌ಥ್ರೂ ತೆಗೆಯುವವರು, ಇವರೇ ನಮಗೆ ಬೇಕು. ಆಟ ಮಾಡುವವನ ಗೆಳೆಯರೂ ಆಟ ಮಾಡುವವರೇ ಆಗಿರುತ್ತಾರೆ. ಬಾಗಿಲು ಕಂಡರೆ ಸಾಕು, ಬೀಗದ ಕೈ ಎಲ್ಲಿಟ್ಟಿರಬಹುದು ಅಂತ ಅವರ ಮೂಗಿಗೆ ಮೊದಲೇ ವಾಸನೆ ಬಡಿಯುತ್ತೆ. ನಿಮಗೆ ಬಡಿಯಲ್ಲ. ಅದೇ ನಿಮ್ಮ ಬಂಡವಾಳ.

ಒಂದು ಕತೆ ಹೇಳುತ್ತೇನೆ, ನನ್ನದೇ.

ಕೆಲವು ವರ್ಷಗಳ ಹಿಂದೆ ನಾನೊಂದು ಆಟ ಮಾಡಿದ್ದೆ. ಮಲೆನಾಡಿನ ಹಳೇ ತೊಟ್ಟಿ ಮನೆ, ಮಳೆಗಾಲದ ರಾತ್ರಿ, ಕರೆಂಟಿಲ್ಲ. ಅಟ್ಟದ ಮೇಲೊಂದು ಪೆಟ್ಟಿಗೆ. ಅದನ್ನು ದಪ್ಪ ಹಗ್ಗದಿಂದ ಬಿಗಿದಿರುತ್ತಾರೆ. ಹಗ್ಗ ಕತ್ತರಿಸಬೇಕು. ನಾನು ಯೋಚಿಸಿದ್ದ ದಾರಿ ಈಳಿಗೆಮಣೆ. ಅಡುಗೆಮನೆಯಿಂದ ಅದನ್ನು ಎತ್ತಿಕೊಂಡು ಬಂದು ಹಗ್ಗಕ್ಕೆ ಹಿಡೀಬೇಕು. ಆದರೆ ಅಷ್ಟರಲ್ಲಿ ಆಡುವವರ ಕೈಯಲ್ಲಿ ಅಜ್ಜಿಯ ಎಲೆ ಅಡಿಕೆ ತಟ್ಟೆಯಿಂದ ತೆಗೆದುಕೊಂಡ ಅಡಕತ್ತರಿ ಇರುತ್ತೆ. ಅದನ್ನು ನಾನು ಇಟ್ಟಿದ್ದು ಬೇರೆ ಒಗಟಿಗೆ. ಹಗ್ಗದ ಹತ್ತಿರ ಅದನ್ನು ಯಾರಾದರೂ ಹಿಡೀತಾರೆ ಅನ್ನುವ ಯೋಚನೆಯೇ ನನಗೆ ಬಂದಿರಲಿಲ್ಲ. ಹಾಗಾಗಿ ಅದಕ್ಕೆ ಬೇರೆ ಮಾತು ಬರೆದಿರಲಿಲ್ಲ. ಏನು ಹಿಡಿದರೂ ಬರುವ ಮಾಮೂಲಿ ಸಾಲೇ ಬರುತ್ತಿತ್ತು: 'ಅದರಿಂದ ಪ್ರಯೋಜನ ಇಲ್ಲ.'

ಆಡಿದವರಲ್ಲಿ ಒಬ್ಬರು ಬರೆದರು: 'ಹಗ್ಗದ ಪಝಲ್ ತುಂಬಾ ಕಷ್ಟ. ಸುಲಭ ಮಾಡಿ.' ನಾನು ಮಾಡಿದೆ. ಅಟ್ಟ ಹತ್ತಿದ ಕೂಡಲೇ ಪಾತ್ರದ ಬಾಯಲ್ಲಿ 'ಈ ಹಗ್ಗ ಕತ್ತರಿಸಬೇಕಲ್ಲ' ಅಂತ ಒಂದು ಮಾತು ಸೇರಿಸಿದೆ. ಆಡಿದವರಿಗೆ ಸಿಟ್ಟು ಇನ್ನೂ ಜಾಸ್ತಿ ಆಯಿತು. ಕತ್ತರಿಸಬೇಕು ಅಂತ ಅವರಿಗೆ ಮೊದಲೇ ಗೊತ್ತಿತ್ತಲ್ಲ!

ಆಮೇಲೆ ಇನ್ನೊಬ್ಬರ ಪತ್ರ ಬಂತು. ಶಾಲೆಯಲ್ಲಿ ಪಾಠ ಮಾಡುವವರು. ಇಂಥ ಆಟ ಆಡಿದ್ದು ಅವರಿಗೆ ಅದು ಎರಡನೇ ಸಲವಂತೆ. ಬರೆದಿದ್ದು ಹೀಗೆ: 'ಅಡಿಕೆಯನ್ನೇ ಕತ್ತರಿಸುತ್ತೆ, ಹಗ್ಗ ಯಾವ ಲೆಕ್ಕ ಅಂದುಕೊಂಡು ಅಡಕತ್ತರಿ ಹಿಡಿದೆ. ಪ್ರಯೋಜನ ಇಲ್ಲ ಅಂತ ಬಂತು. ಓಹೋ, ಇದು ಕತ್ತರಿಸೋ ಹಗ್ಗ ಅಲ್ಲ, ಗಂಟು ಬಿಚ್ಚಬೇಕು ಅಂದುಕೊಂಡೆ. ಗಂಟು ಸಡಿಲ ಆಗಲಿ ಅಂತ ದೀಪದ ಎಣ್ಣೆ ತಂದು ಹಾಕಿದೆ. ಅದಕ್ಕೂ ಪ್ರಯೋಜನ ಇಲ್ಲ ಅಂತ ಬಂತು. ಮುಕ್ಕಾಲು ಗಂಟೆ ಮನೆಯೆಲ್ಲ ಸುತ್ತಿದೆ. ಆಮೇಲೆ ಕಂಪ್ಯೂಟರ್ ಮುಚ್ಚಿ ಮಲಗಿದೆ.'

ಇದರಲ್ಲಿ ಸಲಹೆ ಇಲ್ಲ, ಹೊಗಳಿಕೆ ಇಲ್ಲ, ಬೈಗುಳವೂ ಇಲ್ಲ. ಆದರೆ ನನ್ನ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದ್ದು ಇದೇ. ಅವರು ಸರಿಯಾಗೇ ಯೋಚಿಸಿದ್ದರು. ನನ್ನ ಆಟ ಅವರಿಗೆ 'ನೀನು ತಪ್ಪು' ಅಂದಿತ್ತು. ನಾನು ಆಮೇಲೆ ಸೇರಿಸಿದ್ದು ಒಂದೇ ಮಾತು. ಈಗ ಹಗ್ಗಕ್ಕೆ ಅಡಕತ್ತರಿ ಹಿಡಿದರೆ ಪಾತ್ರ ಹೇಳುತ್ತೆ: 'ಇಷ್ಟು ದಪ್ಪ ಹಗ್ಗ ಇದರ ಬಾಯಿಗೆ ಹಿಡಿಸಲ್ಲ. ಇನ್ನೂ ದೊಡ್ಡದು ಏನಾದ್ರೂ ಬೇಕು.' ಅಟ್ಟದಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಆಮೇಲೆ ಯಾರೂ ಬರೆಯಲಿಲ್ಲ.

ಹಾಗಾಗಿ ನೀವು ಬರೆಯಬೇಕಾದ್ದು ಮುಖ್ಯವಾಗಿ ಇಷ್ಟು: ಏನು ಅಂದುಕೊಂಡಿರಿ, ಏನು ಮಾಡಿದಿರಿ, ಆಟ ಏನಂದಿತು, ಅದನ್ನು ಕೇಳಿ ಮುಂದೆ ಏನಂದುಕೊಂಡಿರಿ. ಆದ ಕ್ರಮದಲ್ಲೇ ಬರೀರಿ. 'ಕಷ್ಟ', 'ಬೋರು', 'ಸೂಪರ್' ಅನ್ನುವುದೆಲ್ಲ ತೀರ್ಪು. ತೀರ್ಪು ಓದಿ ಆಟ ಮಾಡಿದವನು ಖುಷಿ ಪಡಬಹುದು ಅಥವಾ ಅಳಬಹುದು. ರಿಪೇರಿ ಮಾಡೋಕೆ ಅದರಿಂದ ಏನೂ ಸಿಗಲ್ಲ.

ಇದಕ್ಕೆ ಒಂದು ಷರತ್ತಿದೆ. ಆಡುತ್ತಲೇ ಬರೆದುಕೊಳ್ಳಬೇಕು. ಚೌಕಾಬಾರ ಆದರೆ ಸಾವಿರ ಸಲ ಆಡಬಹುದು, ಪ್ರತಿ ಸಲ ಹೊಸದು. ಅಡ್ವೆಂಚರ್ ಆಟವನ್ನು ಏನೂ ಗೊತ್ತಿಲ್ಲದೆ ಆಡುವುದು ಒಂದೇ ಸಲ. ಉತ್ತರ ಗೊತ್ತಾಯಿತು ಅಂದರೆ ಮುಗಿಯಿತು, ಗೊತ್ತಿಲ್ಲದವನ ತಲೆ ಹೇಗೆ ಓಡುತ್ತಿತ್ತು ಅನ್ನುವುದು ನಿಮಗೇ ಮರೆತುಹೋಗುತ್ತೆ. ಮಾರನೇ ದಿನ ಬರೆಯಲು ಕೂತರೆ 'ಅದು ಸುಲಭವೇ ಇತ್ತು, ನನಗೇ ಹೊಳೀಲಿಲ್ಲ' ಅಂತ ಬರೆದುಬಿಡುತ್ತೀರಿ. ಪಕ್ಕದಲ್ಲಿ ಒಂದು ಹಳೇ ನೋಟ್‌ಬುಕ್ ಇಟ್ಟುಕೊಳ್ಳಿ. ಬರೆಯೋಕೆ ಬೇಜಾರಾದರೆ ಮೊಬೈಲ್‌ನಲ್ಲಿ ರೆಕಾರ್ಡರ್ ಹಾಕಿ ಬಾಯಲ್ಲೇ ಗೊಣಗಿಕೊಳ್ಳಿ. ಮನೆಯವರು ಒಂದೆರಡು ದಿನ ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಅಭ್ಯಾಸ ಆಗುತ್ತೆ.

ಆಡೋಕೆ ಮೊದಲು ಇನ್ನೊಂದು ಕೇಳಿಕೊಳ್ಳಿ: ಆಟ ಯಾವ ಹಂತದಲ್ಲಿದೆ? ಹವ್ಯಾಸಿಗಳ ಆಟಗಳಲ್ಲಿ ಎಷ್ಟೋ ಅಡ್ವೆಂಚರ್ ಗೇಮ್ ಸ್ಟುಡಿಯೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮಾಡಿದವು. ಬ್ರಿಟನ್ನಿನ ಕ್ರಿಸ್ ಜೋನ್ಸ್ ಅದನ್ನು ಮೊದಲು ಹೊರತಂದದ್ದು 1997ರಲ್ಲಿ. ಅದನ್ನು ಬಳಸುವವರ ನಡುವೆ 'ಮ್ಯಾಗ್ಸ್' ಅಂತ ತಿಂಗಳ ಸ್ಪರ್ಧೆ ನಡೆಯುತ್ತೆ. ಒಂದು ತಿಂಗಳಲ್ಲಿ ಒಂದು ಆಟ ಮುಗಿಸಬೇಕು. ನ್ಯೂಯಾರ್ಕಿನ ಡೇವ್ ಗಿಲ್ಬರ್ಟ್ 2006ರಲ್ಲಿ 'ದಿ ಶಿವಾ' ಆಟವನ್ನು ಮೊದಲು ಮಾಡಿದ್ದು ಇಂಥ ಒಂದು ಸ್ಪರ್ಧೆಗೆ. ನಮ್ಮ ಶಿವ ಅಲ್ಲ, ಯಹೂದಿಗಳ ಸೂತಕದ ಆಚರಣೆಯ ಹೆಸರು ಅದು. ಆಮೇಲೆ ಅದನ್ನೇ ಬೆಳೆಸಿ ಮಾರಾಟಕ್ಕೆ ತಂದರು. ಒಂದು ತಿಂಗಳ ಆಟಕ್ಕೆ 'ಹಿನ್ನೆಲೆ ಚಿತ್ರ ಇನ್ನೂ ಚೆನ್ನಾಗಿರಬೇಕಿತ್ತು' ಅಂತ ಬರೆದರೆ ಅವರೂ ಹೌದು ಅನ್ನುತ್ತಾರೆ, ಅಷ್ಟೇ. ಎರಡು ವರ್ಷದಿಂದ ಮಾಡುತ್ತಿದ್ದೇನೆ, ಇನ್ನೆರಡು ತಿಂಗಳಲ್ಲಿ ಬಿಡುಗಡೆ ಅನ್ನುವವರ ಕಥಾವಸ್ತುವನ್ನೇ ಬದಲಾಯಿಸಿ ಅನ್ನುವುದೂ ಹಾಗೇ. ಮನೆ ಗೃಹಪ್ರವೇಶದ ದಿನ ಪಾಯ ಸರಿ ಇಲ್ಲ ಅಂದ ಹಾಗೆ.

ಈಗ ಸಿಕ್ಕಿಹಾಕಿಕೊಳ್ಳುವ ವಿಷಯ. 'ಇಲ್ಲಿ ಸಿಕ್ಕಿಹಾಕಿಕೊಂಡೆ' ಅಂತ ಬರೆದು ನಿಲ್ಲಿಸಬೇಡಿ. ಇದರಲ್ಲಿ ಬೇರೆ ಬೇರೆ ಜಾತಿ ಇವೆ, ಒಂದೊಂದಕ್ಕೂ ಮದ್ದು ಬೇರೆ.

ಕೆಲವು ಸಲ ವಸ್ತು ಕಾಣುವುದೇ ಇಲ್ಲ. ಹಳೇ ಕಾಲದ ನೋಟ ಬರಲಿ ಅಂತ ಈಗಲೂ ಎಷ್ಟೋ ಜನ 320 ಅಡ್ಡ, 200 ಉದ್ದದ ಚುಕ್ಕಿಗಳಲ್ಲಿ ಚಿತ್ರ ಬರೆಯುತ್ತಾರೆ. ಅದರಲ್ಲಿ ಒಂದು ಬೀಗದ ಕೈ ಅಂದರೆ ನಾಲ್ಕೈದು ಚುಕ್ಕಿ. ಇಂಥ ಕಡೆ 'ಕಾಣಲಿಲ್ಲ' ಮತ್ತು 'ಕಂಡಿತು, ಆದರೆ ಸುಮ್ನೆ ಚಿತ್ರ ಅಂದುಕೊಂಡೆ' ಎರಡೂ ಬೇರೆ. ಮೊದಲನೆಯದಕ್ಕೆ ಬಣ್ಣ ಬದಲಾಯಿಸಬೇಕು. ಎರಡನೆಯದಕ್ಕೆ ಅದರ ಪಕ್ಕದ ಉಳಿದ ವಸ್ತುಗಳನ್ನೂ ಕ್ಲಿಕ್ ಮಾಡುವಂತೆ ಮಾಡಬೇಕು. ಕೋಣೆಯಲ್ಲಿ ಹತ್ತು ವಸ್ತು ಒತ್ತಿದರೂ ಏನೂ ಆಗದಿದ್ದರೆ ಹನ್ನೊಂದನೆಯದನ್ನು ಯಾರು ಒತ್ತುತ್ತಾರೆ?

ಕೆಲವು ಸಲ ಆಟ ತನ್ನ ನಿಯಮವನ್ನೇ ಹೇಳದೆ ಬದಲಾಯಿಸಿರುತ್ತೆ. 1996ರ 'ಬ್ರೋಕನ್ ಸ್ವೋರ್ಡ್' ಆಟದ ಮೇಕೆ ಇದಕ್ಕೇ ಹೆಸರುವಾಸಿ. ಐರ್ಲೆಂಡಿನ ಪಾಳು ಕೋಟೆಯಲ್ಲಿ ಕಟ್ಟಿಹಾಕಿದ ಒಂದು ಮೇಕೆ ನಿಮ್ಮನ್ನು ಗುದ್ದಿ ಬೀಳಿಸುತ್ತೆ. ಬಿದ್ದ ಆ ಗಳಿಗೆಯಲ್ಲೇ ಪಕ್ಕದ ಬೇಸಾಯದ ಯಂತ್ರದ ಮೇಲೆ ಚಕ್ಕನೆ ಕ್ಲಿಕ್ ಮಾಡಬೇಕು. ಆಗ ಮೇಕೆಯ ಹಗ್ಗ ಅದಕ್ಕೆ ಸಿಕ್ಕಿಕೊಳ್ಳುತ್ತೆ. ಇದು ಅಷ್ಟೇನೂ ಕಷ್ಟ ಅಲ್ಲ. ಆದರೆ ಅಲ್ಲಿಯವರೆಗೆ ನಿಧಾನವಾಗಿ ಯೋಚಿಸಿ ಕ್ಲಿಕ್ ಮಾಡು ಅಂತ ಕಲಿಸಿದ ಆಟ ಇಲ್ಲಿ ಓಡು ಅನ್ನುತ್ತೆ. ನಿಮಗೆ ಹೀಗಾದರೆ 'ಇಲ್ಲಿ ಬೇಗ ಮಾಡಬೇಕು ಅಂತ ನನಗೆ ಯಾವುದೂ ಹೇಳಲಿಲ್ಲ' ಅಂತ ಬರೀರಿ.

ಎಲ್ಲಕ್ಕಿಂತ ಕೆಟ್ಟದ್ದು, ಆಟ ಒಳಗೊಳಗೇ ಸತ್ತುಹೋಗಿದೆ, ನಿಮಗೆ ಗೊತ್ತಿಲ್ಲ. 1990ರಲ್ಲಿ ಸಿಯೆರಾ ಕಂಪನಿ ತಂದ 'ಕಿಂಗ್ಸ್ ಕ್ವೆಸ್ಟ್' ಸರಣಿಯ ಐದನೇ ಆಟದಲ್ಲಿ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಬರುತ್ತೆ. ಆ ಒಂದೆರಡು ಕ್ಷಣದಲ್ಲಿ ಕೈಲಿರುವ ಹಳೇ ಬೂಟನ್ನು ಬೆಕ್ಕಿನ ಮೇಲೆ ಎಸೆದು ಇಲಿಯನ್ನು ಉಳಿಸಬೇಕು. ಎಸೆಯಲಿಲ್ಲ ಅನ್ನಿ, ಆಟ ಏನೂ ಅನ್ನುವುದಿಲ್ಲ, ಮುಂದೆ ಹೋಗುತ್ತಲೇ ಇರುತ್ತೆ. ಎಷ್ಟೋ ಹೊತ್ತಿನ ಮೇಲೆ ನಿಮ್ಮನ್ನು ಕಟ್ಟಿ ನೆಲಮಾಳಿಗೆಗೆ ಹಾಕುತ್ತಾರೆ. ಆಗ ಹಗ್ಗ ಕಡಿಯೋಕೆ ಬರಬೇಕಾದ್ದು ಅದೇ ಇಲಿ. ಅದು ಬರಲ್ಲ, ಕತೆ ಅಲ್ಲಿಗೆ ಮುಗಿಯಿತು. ಹಳೇ ಸೇವ್ (ಆಟವನ್ನು ಮೊದಲೇ ಒಂದು ಕಡೆ ಉಳಿಸಿಟ್ಟದ್ದು) ಇದ್ದರೆ ಸರಿ, ಇಲ್ಲದಿದ್ದರೆ ಮೊದಲಿಂದ ಆಡಿ! ಇವತ್ತಿನ ಹವ್ಯಾಸಿಗಳು ಬೇಕೂಂತ ಹೀಗೆ ಮಾಡುವುದು ಕಡಿಮೆ. ಆದರೆ ತಿಳಿಯದೆ ಮಾಡುತ್ತಾರೆ. ಬೆಂಕಿಪೊಟ್ಟಣ ಕೋಣೆಯಲ್ಲೇ ಬಿಟ್ಟು ಹೊರಗೆ ಬಂದೆ, ಬಾಗಿಲು ಹಾಕಿಕೊಂಡಿತು, ಈಗ ದೀಪ ಹಚ್ಚೋಕೆ ಆಗಲ್ಲ. ಮಾಡಿದವನಿಗೆ ಇದು ಸಿಗುವುದೇ ಇಲ್ಲ. ಅವನು ಪ್ರತಿ ಸಲ ಬೆಂಕಿಪೊಟ್ಟಣ ಎತ್ತಿಕೊಂಡೇ ಹೋಗುತ್ತಾನಲ್ಲ. ಇಂಥದ್ದು ಒಂದು ಹಿಡಿದುಕೊಟ್ಟರೂ ನೀವು ಅವನಿಗೆ ದೊಡ್ಡ ಉಪಕಾರ ಮಾಡಿದ ಹಾಗೆ. ಹಾಗಾಗಿ ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಬರೀಬೇಡಿ. ಹತ್ತು ನಿಮಿಷಕ್ಕೊಂದು ಬೇರೆ ಬೇರೆ ಹೆಸರಲ್ಲಿ ಸೇವ್ ಮಾಡಿ ಇಟ್ಟುಕೊಳ್ಳಿ.

'ಮಂಕಿ ಐಲ್ಯಾಂಡ್' ಮಾಡಿದ ರಾನ್ ಗಿಲ್ಬರ್ಟ್ 1989ರಲ್ಲೇ ಇಂಥ ಕಾಟಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ಅದರಲ್ಲಿ ನನಗೆ ಇವತ್ತಿಗೂ ಉಪಯೋಗಕ್ಕೆ ಬರುವ ಮಾತು ಹಿಂದುಮುಂದಾದ ಒಗಟಿನ ಬಗ್ಗೆ. ಮೊದಲು ಕಂದರ ಕಾಣಬೇಕು, ಆಮೇಲೆ ಹಗ್ಗ ಸಿಗಬೇಕು. ಹಗ್ಗ ಮೊದಲೇ ಸಿಕ್ಕರೆ ಆಡುವವನು ಸುಮ್ಮನೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಮುಂದೆ ಕಂದರ ಬಂದಾಗ ಯೋಚಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ನಿಮ್ಮ ನೋಟ್‌ಬುಕ್ಕಿನಲ್ಲಿ 'ಇದು ಯಾಕೆ ಅಂತ ಗೊತ್ತಿಲ್ಲ, ಸಿಕ್ಕಿತು, ಎತ್ತಿಕೊಂಡೆ' ಅನ್ನುವ ಸಾಲು ಜಾಸ್ತಿ ಆದರೆ ಆ ಆಟಕ್ಕೆ ಈ ಕಾಯಿಲೆ ಇದೆ ಅಂತ ಲೆಕ್ಕ. ಕಾಯಿಲೆಯ ಹೆಸರು ನೀವು ಬರೀಬೇಕಾಗಿಲ್ಲ. ಆ ಸಾಲುಗಳನ್ನು ಹಾಗೇ ಕಳಿಸಿ.

ಸಿಕ್ಕಿಹಾಕಿಕೊಳ್ಳದೆ ದಾಟಿದ್ದನ್ನೂ ಬರೆಯಬೇಕು, ಇದನ್ನು ಯಾರೂ ಬರೆಯಲ್ಲ. ಕೈಲಿದ್ದದ್ದೆಲ್ಲ ಒಂದೊಂದಾಗಿ ಹಿಡಿದು ನೋಡಿದೆ, ಏಳನೆಯದಕ್ಕೆ ಬಾಗಿಲು ತೆರೀತು. ಯಾಕೆ ತೆರೀತು ಅಂತ ಗೊತ್ತಿಲ್ಲ. ಲೆಕ್ಕದಲ್ಲಿ ಇದು 'ಬಿಡಿಸಿದರು' ಅಂತ ಬರುತ್ತೆ, ಮಾಡಿದವನು ಖುಷಿಯಾಗಿರುತ್ತಾನೆ. ಹೀಗಾಗಿದೆಯಾ ಅಂತ ತಿಳಿಯೋಕೆ ನನ್ನದೊಂದು ಉಪಾಯ ಇದೆ. ಆ ಉತ್ತರ ಯಾಕೆ ಸರಿ ಅಂತ ಮನೆಯಲ್ಲಿ ಯಾರಿಗಾದರೂ ಹೇಳಿ ನೋಡಿ. 1999ರ 'ಗೇಬ್ರಿಯಲ್ ನೈಟ್' ಮೂರನೇ ಆಟದಲ್ಲಿ ಬಾಡಿಗೆಗೆ ಮೋಟಾರ್‌ಸೈಕಲ್ ಪಡೆಯಲು ನಾಯಕ ಗೆಳೆಯನ ವೇಷ ಹಾಕಬೇಕು. ಅದಕ್ಕೆ ಬೆಕ್ಕಿನ ಕೂದಲನ್ನು ಟೇಪಿಗೆ ಅಂಟಿಸಿಕೊಂಡು, ಸಿಹಿ ಪಾಕ ಹಚ್ಚಿ ಮೀಸೆ ಮಾಡಿಕೊಳ್ಳುತ್ತಾನೆ. ಎಲ್ಲರೂ ಬೆಕ್ಕಿನ ಕೂದಲಿಗೆ ನಗುತ್ತಾರೆ. ನನಗೆ ಅದು ದೊಡ್ಡದಲ್ಲ. ಆ ಗೆಳೆಯನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟ್ ಫೋಟೋಗೂ ಪೆನ್ನಲ್ಲಿ ಮೀಸೆ ಬರೀಬೇಕು. ಇದನ್ನು ನಮ್ಮ ಮನೆಯವಳಿಗೆ ವಿವರಿಸೋಕೆ ಹೋಗಿ ನಾನು ನಡುವೆ ನಿಲ್ಲಿಸಿದೆ.

ಇಂಗ್ಲಿಷ್ ಅಷ್ಟಕ್ಕಷ್ಟೆ ಅಂದಿರಿ. ಇಲ್ಲಿ ಅದು ಕೊರತೆ ಅಲ್ಲ. 1991ರ 'ಮಂಕಿ ಐಲ್ಯಾಂಡ್' ಎರಡನೇ ಆಟದಲ್ಲಿ ಒಂದು ಪಂಪನ್ನು ತಿರುಗಿಸಬೇಕು. ಉತ್ತರ ಏನು ಗೊತ್ತಾ? ಪಿಯಾನೋ ನುಡಿಸುವ ಒಂದು ಕೋತಿಯನ್ನು ಮಂಕು ಹಿಡಿಸಿ ಎತ್ತಿಕೊಂಡು ಬಂದು ಅದನ್ನೇ ಸ್ಪ್ಯಾನರ್ ಥರ ಬಳಸುವುದು. ಅಮೆರಿಕದಲ್ಲಿ ಒಂದು ಬಗೆಯ ಸ್ಪ್ಯಾನರಿಗೆ 'ಮಂಕಿ ರೆಂಚ್' ಅಂತ ಹೆಸರು, ಅದರ ಮೇಲಿನ ಶ್ಲೇಷೆ ಇದು. ಇಂಗ್ಲೆಂಡಿನವರಿಗೇ ಇದು ಹೊಳೆಯುವುದು ಕಷ್ಟ, ಅಲ್ಲೂ ಅದು ಸ್ಪ್ಯಾನರೇ. ಅರಸೀಕೆರೆಯ ಗ್ಯಾರೇಜಿನಲ್ಲಿ ಕೇಳಿದರೆ ಕೋತಿಗೂ ಇದಕ್ಕೂ ಏನು ಸಂಬಂಧ ಸಾರ್ ಅಂತಾರೆ. ಹವ್ಯಾಸಿಗಳ ಆಟದಲ್ಲಿ ಇಂಥ ಮಾತಿನ ಆಟ ಬೇಕಾದಷ್ಟು ಇರುತ್ತೆ, ಅದು ಬೇರೆಯವರಿಗೆ ಗೊತ್ತಾಗಲ್ಲ ಅಂತ ಮಾಡಿದವರಿಗೆ ಹೊಳೆದೇ ಇರುವುದಿಲ್ಲ. ನೀವು ಹೇಳಬಹುದು. ಇನ್ನು ನಿಮ್ಮ ಪತ್ರದ ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಈ ಆಟ ಮಾಡುವವರಲ್ಲಿ ಜರ್ಮನಿ, ಸ್ಪೇನ್, ಪೋಲೆಂಡಿನ ಕಡೆಯವರೂ ಇದ್ದಾರೆ, ಅವರೂ ನಮ್ಮ ಹಾಗೆ ಕಲಿತ ಇಂಗ್ಲಿಷಲ್ಲೇ ಬರೆಯುವವರು. ಚಿಕ್ಕ ಚಿಕ್ಕ ವಾಕ್ಯ ಸಾಕು.

ಕನ್ನಡದಲ್ಲೇ ಮಾಡಿದ ಆಟ ಸಿಕ್ಕರೆ ನಿಮ್ಮ ಕೆಲಸ ಸ್ವಲ್ಪ ಜಾಸ್ತಿ. ಮೊದಲು ಒತ್ತಕ್ಷರ ನೋಡಿ. ಆಟ ಮಾಡುವ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ನಮ್ಮ ಲಿಪಿ ಜೋಡಿಸೋಕೆ ಬರುವುದಿಲ್ಲ. 'ಅಕ್ಕಿ' ಅನ್ನುವುದು 'ಅಕ್‌ಕಿ' ಆಗಿ ಬಿಡಿಬಿಡಿಯಾಗಿ ಬಿದ್ದಿರುತ್ತೆ. ಯೂನಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅಕ್ಷರ ತೋರಿಸೋಕೆ ಜನ ಮಾಮೂಲಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ತಾನಾಗಿ ಒತ್ತಕ್ಷರ ಕೂಡಿಸುವುದಿಲ್ಲ. ಆಟ ಮಾಡುವ ಇನ್ನೊಂದು ಸಾಫ್ಟ್‌ವೇರ್, 2023ರಲ್ಲಿ ಬಂದ ಗೋಡೋ 4, ಈ ವಿಷಯದಲ್ಲಿ ವಾಸಿ. ಮಾಡಿದವನು ತನ್ನ ಪರದೆಯಲ್ಲಿ ಹತ್ತು ಸಾಲು ನೋಡಿ ಸರಿ ಇದೆ ಅಂದಿರುತ್ತಾನೆ, ಹನ್ನೊಂದನೇ ಸಾಲಿನ 'ರಾಷ್ಟ್ರ' ಒಡೆದಿರುತ್ತೆ. ಸ್ಕ್ರೀನ್‌ಶಾಟ್ ಕಳಿಸಿ, ವಿವರಣೆ ಬೇಕಾಗಿಲ್ಲ. ಆಮೇಲೆ ಮಾತು. ಮಂಡ್ಯ ಕಡೆಯ ಗದ್ದೆ ಕೆಲಸದವನ ಬಾಯಲ್ಲಿ 'ಈ ದ್ವಾರವನ್ನು ತೆರೆಯಲು ಸಾಧ್ಯವಿಲ್ಲ' ಅಂತ ಬಂದರೆ ನಿಮಗೆ ನಗು ಬಂತೋ ಇಲ್ಲವೋ? ಬಂದಿದ್ದರೆ ಯಾವ ಸಾಲಿಗೆ ಬಂತು ಅಂತ ಬರೆದಿಡಿ.

ಒಂದು ಪತ್ರ ಹೇಗಿರಬಹುದು ಅಂತ ತೋರಿಸುತ್ತೇನೆ. ಆಟ ನಾನು ಕಲ್ಪಿಸಿಕೊಂಡಿದ್ದು.

'ವರ್ಷನ್ 0.6, ವಿಂಡೋಸ್ 10. ಒಟ್ಟು ಎರಡು ಗಂಟೆ ಆಡಿದೆ, ಸ್ಟೇಷನ್ ಮಾಸ್ಟರ್ ಕೋಣೆವರೆಗೆ ಬಂದೆ, ಮುಗಿಸಿಲ್ಲ. 8:10ಕ್ಕೆ ಶುರು. ಟಿಕೆಟ್ ಕೌಂಟರ್ ಮುಚ್ಚಿದೆ. ಗಂಟೆ ಬಾರಿಸಿದರೆ ಯಾರಾದರೂ ಬರ್ತಾರೆ ಅಂದುಕೊಂಡೆ, ಗಂಟೆ ಮೇಲೆ ಕ್ಲಿಕ್ ಆಗಲಿಲ್ಲ. ಆಗಬೇಕಿತ್ತಾ ಗೊತ್ತಿಲ್ಲ. 8:25, ಕೂಲಿಯವನ ಜೊತೆ ಮಾತಾಡಿದೆ. ಬೀಡಿ ಬಗ್ಗೆ ಅವನು ಹೇಳಿದ್ದಕ್ಕೆ ಜೋರಾಗಿ ನಕ್ಕೆ. ಅವನಿಗೆ ಬೀಡಿ ಕೊಟ್ಟರೆ ಸಹಾಯ ಮಾಡ್ತಾನೆ ಅಂತ ಆಗಲೇ ಅನಿಸಿತು, ಅದು ಸರಿಯಾಗಿತ್ತು, ಖುಷಿಯಾಯ್ತು. 8:50, ಗೋದಾಮಿನ ಬೀಗ. ಕಬ್ಬಿಣದ ಸಲಾಕೆ, ಕಲ್ಲು, ಲಾಟೀನು ಹಿಡಿದು ನೋಡಿದೆ. ಮೂರಕ್ಕೂ ಒಂದೇ ಉತ್ತರ ಬಂತು. ಸಲಾಕೆಯಿಂದ ಬೀಗ ಯಾಕೆ ಒಡೆಯಲ್ಲ ಅಂತ ಗೊತ್ತಾಗಲಿಲ್ಲ. 9:15ರವರೆಗೆ ಸುತ್ತಿದೆ. ಆಮೇಲೆ ವಾಕ್‌ಥ್ರೂ ನೋಡಿದೆ. ಬೀಗದ ಕೈ ಕೂಲಿಯವನ ಟೋಪಿಯಲ್ಲಿ ಇತ್ತು. ಟೋಪಿ ಕೆಳಗೆ ಬಿದ್ದಿದ್ದು ನನಗೆ ಕಂಡೇ ಇರಲಿಲ್ಲ, ಕಲ್ಲು ಅಂದುಕೊಂಡಿದ್ದೆ.'

ಬೀಡಿಗೆ ನಕ್ಕಿದ್ದನ್ನು ಸುಮ್ಮನೆ ಸೇರಿಸಿಲ್ಲ. ಎಲ್ಲಿ ಚೆನ್ನಾಗಿದೆ ಅಂತ ಹೇಳದಿದ್ದರೆ ಮಾಡಿದವನು ರಿಪೇರಿ ಮಾಡುವ ಭರದಲ್ಲಿ ಅದನ್ನೇ ಕಿತ್ತುಹಾಕಿಬಿಡಬಹುದು. ನಾನೇ ಒಮ್ಮೆ ಹಾಗೆ ಮಾಡಿದ್ದೇನೆ. 'ಅಜ್ಜಿ ಮಾತು ಉದ್ದ ಆಯ್ತೇನೋ' ಅಂತ ನನಗೇ ಅನುಮಾನ ಬಂದು ಅರ್ಧ ಕತ್ತರಿಸಿದೆ. ಹಳೇ ವರ್ಷನ್ ಆಡಿದವರೆಲ್ಲ ಅಜ್ಜಿ ಎಲ್ಲಿ ಅಂತ ಕೇಳಿದರು.

ಸಲಹೆ ಕೊಡಬಾರದಾ? ಕೊಡಿ, ಕೊನೆಯಲ್ಲಿ, ಒಂದು ಸಾಲು. ಆದರೆ ಅದು ನಡೆಯಲಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಈಳಿಗೆಮಣೆಯನ್ನು ಅಟ್ಟದಲ್ಲೇ ಇಡಿ ಅಂದರೆ ನಿಮಗೆ ಸಣ್ಣ ಬದಲಾವಣೆ. ನನಗೆ ಅಡುಗೆಮನೆಯ ಇನ್ನೆರಡು ಒಗಟು ಬಿದ್ದುಹೋಗುತ್ತೆ.

ಬಗ್, ಅಂದರೆ ಪ್ರೋಗ್ರಾಮಿನ ತಪ್ಪು, ಆ ವಿಷಯ ಬೇಗ ಮುಗಿಸುತ್ತೇನೆ. ಆಟ ನಿಂತುಹೋಗಿ ಎರರ್ ಪೆಟ್ಟಿಗೆ ಬಂದರೆ ಓಕೆ ಒತ್ತುವ ಮೊದಲು ಮೊಬೈಲ್‌ನಲ್ಲಾದರೂ ಫೋಟೋ ಹೊಡೆದುಕೊಳ್ಳಿ. ಅಡ್ವೆಂಚರ್ ಗೇಮ್ ಸ್ಟುಡಿಯೋದ ಆಟ ಆದರೆ ಆ ಪೆಟ್ಟಿಗೆಯಲ್ಲಿ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ತಪ್ಪಾಯಿತು ಅಂತ ಸಾಮಾನ್ಯವಾಗಿ ಬರೆದಿರುತ್ತೆ. ನಿಮಗೆ ಅದು ಗ್ರೀಕ್, ಆಟ ಮಾಡಿದವನಿಗೆ ಮನೆ ವಿಳಾಸ. ತಪ್ಪಾಗುವ ಮುಂಚಿನ ಸೇವ್ ಫೈಲನ್ನೂ ಕಳಿಸಿ. ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಒಳಗೆ 'ಸೇವ್ಡ್ ಗೇಮ್ಸ್' ಅಂತ ಒಂದು ಫೋಲ್ಡರ್ ಇರುತ್ತೆ, ಸಾಮಾನ್ಯವಾಗಿ ಅಲ್ಲಿ ಸಿಗುತ್ತೆ. ಯಾವ ವರ್ಷನ್ ಅಂತ ಬರೆಯಲು ಮರೀಬೇಡಿ. ಆಟ ಬದಲಾದ ಮೇಲೆ ಹಳೇ ಸೇವ್ ಎಷ್ಟೋ ಸಲ ತೆರೆಯುವುದೇ ಇಲ್ಲ. ಆಮೇಲೆ, ಅದೇ ತಪ್ಪು ಇನ್ನೊಂದು ಸಲ ಆಗುತ್ತಾ ಅಂತ ನೋಡಿ. ಆಗಲಿಲ್ಲ ಅಂದರೆ ಆಗಲಿಲ್ಲ ಅಂತಲೇ ಬರೀರಿ.

ವಾಕ್‌ಥ್ರೂ ನೋಡಿದ್ದನ್ನು ಹೇಳಬೇಕಾ ಅನ್ನುವುದು ನಿಮ್ಮ ಅನುಮಾನ. ಖಂಡಿತ ಹೇಳಿ, ನಾಚಿಕೆ ಯಾಕೆ? 1980ರ ದಶಕದಲ್ಲಿ ಇನ್ಫೋಕಾಮ್ ಕಂಪನಿ ತನ್ನ ಆಟಗಳಿಗೆ ಸುಳಿವಿನ ಪುಸ್ತಕವನ್ನೇ ಮಾರುತ್ತಿತ್ತು. ಅದರಲ್ಲಿ ಉತ್ತರಗಳು ಕಾಣದ ಶಾಯಿಯಲ್ಲಿ ಇರುತ್ತಿದ್ದವು, ಜೊತೆಗೆ ಬರುವ ಪೆನ್ನಿನಿಂದ ಉಜ್ಜಿದರೆ ಒಂದೊಂದೇ ಸಾಲು ಮೂಡುತ್ತಿತ್ತು. ಎಲ್ಲರೂ ನೋಡುವವರೇ. ನನಗೆ ಬೇಕಾಗಿರುವುದು ಎರಡೇ ಮಾತು. ಯಾವಾಗ ತೆಗೆದಿರಿ, ಅಂದರೆ ಏನೆಲ್ಲ ಮಾಡಿ ಸೋತ ಮೇಲೆ. ಉತ್ತರ ನೋಡಿದಾಗ ನಿಮ್ಮ ಬಾಯಿಂದ ಏನು ಬಂತು. 'ಛೆ, ಹೊಳೀಬೇಕಿತ್ತು' ಅಂತ ಬಂದಿದ್ದರೆ ನಾನು ಆ ಒಗಟನ್ನು ಮುಟ್ಟುವುದಿಲ್ಲ. 'ಇದು ಹೆಂಗ್ರೀ ಗೊತ್ತಾಗುತ್ತೆ?' ಅಂತ ಬಂದಿದ್ದರೆ ಆವತ್ತು ರಾತ್ರಿಯೇ ಕೂತು ಬದಲಾಯಿಸುತ್ತೇನೆ.

ಉಳಿದದ್ದು ನಿಮ್ಮ ಹದಿನೇಳು ತಪ್ಪು ಮತ್ತು ಆ ಹುಡುಗ. ಪಟ್ಟಿ ನಾನು ನೋಡಿಲ್ಲ. ಆದರೆ ಇಂಥ ಪಟ್ಟಿಗಳಲ್ಲಿ ನಾಲ್ಕನೆಯದು ಕಾಗುಣಿತ, ಐದನೆಯದು ಆಟವೇ ಮುಂದೆ ಹೋಗದಿರುವುದು, ಆರನೆಯದು ಸಂಗೀತ ಜೋರಾಯಿತು ಅಂತ ಇರುತ್ತೆ. ಎಲ್ಲಕ್ಕೂ ಒಂದೇ ತೂಕ. ಓದಿದವನಿಗೆ ಕಾಣುವುದು ಹದಿನೇಳು ಅನ್ನುವ ಸಂಖ್ಯೆ ಮಾತ್ರ. ಅವನು ಆಫೀಸು ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ಕೂತು ಮಾಡಿದ ಆಟ ಅದು. ಮತ್ತೊಮ್ಮೆ ಬರೀರಿ. ಹದಿನೇಳರಲ್ಲಿ ನಿಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಯಾವ ಮೂರು, ಅಲ್ಲಿ ಏನಂದುಕೊಂಡಿದ್ದಿರಿ ಅಂತ ಮಾತ್ರ ಹೇಳಿ. ಕಾಗುಣಿತ, ಸಂಗೀತ ಎಲ್ಲ ಬೇರೆ ಹಾಳೆಯಲ್ಲಿರಲಿ. ಎಲ್ಲಿ ನಕ್ಕಿರಿ ಅಂತಲೂ ಬರೀರಿ, ನಕ್ಕಿದ್ದರೆ.

ಉತ್ತರ ಬರಲಿಲ್ಲ ಅಂತ ಓದಿಲ್ಲ ಅಂದುಕೊಳ್ಳಬೇಡಿ. ಅಡಕತ್ತರಿಯ ಪತ್ರಕ್ಕೆ ಉತ್ತರ ಬರೆಯೋಕೆ ನನಗೆ ಎರಡು ತಿಂಗಳು ಹಿಡಿಯಿತು. ಮೊದಲ ವಾರ ಆ ಮೇಷ್ಟರ ಮೇಲೆ ಸಿಟ್ಟು. ಎರಡನೇ ವಾರ ಆ ಒಂದು ಸಾಲು ಸೇರಿಸಿದೆ. ಉಳಿದ ಒಂದೂವರೆ ತಿಂಗಳು, ಇಷ್ಟು ತಡವಾಗಿ ಯಾವ ಮುಖ ಇಟ್ಟುಕೊಂಡು ಬರೆಯಲಿ ಅಂತ ಸುಮ್ಮನಿದ್ದೆ.